ಈ ವಾರದ ಆಟಗಾರ: ರಯಾನ್ ಫಿಟ್ಜ್‌ಪ್ಯಾಟ್ರಿಕ್

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಸರಣಿಯಲ್ಲಿ ಈ ವಾರ ಗಡ್ಡದ ಫಿಟ್ಜ್‌ಪ್ಯಾಟ್ರಿಕ್ ಬಗ್ಗೆ ಮಾತಾಡೋಣ. ಹಾರ್ವರ್ಡ್‌ನಲ್ಲಿ ಓದಿದವರು. 2005ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) 250ನೇ ಆಯ್ಕೆ, ಅಂದರೆ ಹೆಚ್ಚುಕಮ್ಮಿ ಕೊನೆಯ ಸಾಲು. ಆಮೇಲೆ 17 ಸೀಸನ್, 9 ತಂಡ! ಒಂಬತ್ತು ತಂಡಗಳಿಗೆ ಸ್ಟಾರ್ಟರ್ ಆಗಿ, ಅಂದರೆ ಪಂದ್ಯದ ಆರಂಭದಿಂದಲೇ, ಆಡಿದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿ ನಡೆಸುವ ಆಟಗಾರ) ಬೇರೆ ಯಾರೂ ಇಲ್ಲ.

ಭಾನುವಾರದೊಳಗೆ 2020ರ ಡಿಸೆಂಬರ್‌ನ ಮಯಾಮಿ–ಲಾಸ್ ವೇಗಸ್ ಪಂದ್ಯದ ಕೊನೆ ನಿಮಿಷವನ್ನು ನೋಡಿಕೊಂಡು ಬನ್ನಿ. ಉಳಿದಿದ್ದು 19 ಸೆಕೆಂಡ್. ಎದುರಾಳಿ ಹೆಲ್ಮೆಟ್‌ನ ಜಾಲರಿ ಹಿಡಿದು ಕತ್ತನ್ನೇ ತಿರುಗಿಸುತ್ತಿದ್ದಾನೆ, ಮಯಾಮಿ ಪರ ಆಡುತ್ತಿದ್ದ ಫಿಟ್ಜ್‌ಪ್ಯಾಟ್ರಿಕ್ ಚೆಂಡು ಎಸೆದೇಬಿಟ್ಟರು. ಅದು ಜೊತೆ ಆಟಗಾರ ಮ್ಯಾಕ್ ಹಾಲಿನ್ಸ್ ಕೈಗೆ ಸೇರಿತು. ಮಯಾಮಿ 26–25ರಿಂದ ಗೆದ್ದಿತು.

ಸುಮ್ನೆ ಹೊಗಳುವುದೂ ಬೇಡ. 2015ರಲ್ಲಿ ಜೆಟ್ಸ್ ತಂಡಕ್ಕೆ 31 ಟಚ್‌ಡೌನ್ ಪಾಸ್ (ಅಂಕ ತರುವ ಎಸೆತ) ಕೊಟ್ಟವರು, ಪ್ಲೇಆಫ್‌ಗೆ (ಸೀಸನ್ ನಂತರದ ನಾಕೌಟ್ ಹಂತ) ಹೋಗಲು ಗೆಲ್ಲಲೇಬೇಕಿದ್ದ ಕೊನೆಯ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಲ್ಲಿ ಮೂರು ಸಲ ಚೆಂಡನ್ನು ಎದುರಾಳಿ ಕೈಗಿತ್ತರು. ಅದೂ ಹಳೇ ತಂಡ ಬಫಲೋ ಎದುರು! ಕೊನೆವರೆಗೂ ಒಂದೇ ಒಂದು ಪ್ಲೇಆಫ್ ಪಂದ್ಯ ಆಡಲಿಲ್ಲ. ನನಗೆ ಅದೇ ಜಾಸ್ತಿ ಬೇಜಾರು.

ಚರ್ಚೆ ಭಾನುವಾರ ಸಂಜೆ 7ಕ್ಕೆ. ಅಲ್ಲಿವರೆಗೆ ಕ್ಲಿಪ್‌ಗಳನ್ನು ಗುಂಪಿಗೆ ಹಾಕಬೇಡಿ.