ಬೀಜಕ್ಕೂ ಗೊಬ್ಬರಕ್ಕೂ ಮೂರು ಬೆರಳು

ದಾವಣಗೆರೆ

ಪ್ರೀತಿಯ ಮಗಾ,

ದೊಡ್ಡಪ್ಪನ ಆಶೀರ್ವಾದ. ಈ ಮುಂಗಾರಿಗೆ ಹೊಲ ನೀನೇ ನೋಡಿಕೊಳ್ಳುತ್ತೀಯ ಅಂತ ನಿಮ್ಮಪ್ಪ ಹೇಳಿದ. ಖುಷಿಯಾಯಿತು. ಆದರೆ ಮೆಕ್ಕೆಜೋಳ ಬಿತ್ತುವಾಗ ಡಿಎಪಿ ಗೊಬ್ಬರಕ್ಕೆ ಯೂರಿಯಾ ಬೆರೆಸಿ ಬೀಜದ ಸಾಲಿಗೇ ಬಿಡುತ್ತೀಯಂತೆ. ಅದಕ್ಕೇ ಈ ಪತ್ರ.

ನಾನೂ ಒಮ್ಮೆ ಹಾಗೇ ಮಾಡಿದ್ದೆ. ಮೆಕ್ಕೆಜೋಳ ಬೇಗ ಏಳಲಿ ಅನ್ನುವ ಆಸೆ. ಬಿತ್ತಿದ ಮೇಲೆ ಮಳೆ ಎಂಟು ದಿನ ಕೈಕೊಟ್ಟಿತು. ಎರೆ ಹೊಲದ ಕಪ್ಪು ಮಣ್ಣಲ್ಲಿ ಹೇಗೋ ಎದ್ದಿತು, ಮಸಾರಿಯ ಕೆಂಪು ಮಣ್ಣಲ್ಲಿ ಸಾಲಿಗೆ ಸಾಲೇ ಖಾಲಿ. ಬೀಜ ಕೊಟ್ಟವನನ್ನು ಬೈಯುತ್ತಾ ಮಣ್ಣು ಕೆದಕಿದೆ. ಕಾಳು ಚೆನ್ನಾಗೇ ಉಬ್ಬಿತ್ತು. ಬೇರಿನ ತುದಿ ಮಾತ್ರ ಕಂದಿ, ಸುಟ್ಟ ಬತ್ತಿಯ ಹಾಗಾಗಿತ್ತು. ಪಕ್ಕದಲ್ಲೇ ಡಿಎಪಿ ಹರಳು ಅಂಟಿಕೊಂಡಿತ್ತು.

ಗೊಬ್ಬರವೂ ಒಂಥರಾ ಉಪ್ಪೇ ಅಲ್ವಾ. ತೇವ ಕಡಿಮೆಯಿದ್ದರೆ ಬೀಜದ ಪಾಲಿನ ನೀರನ್ನು ಅದೇ ಎಳೆದುಕೊಳ್ಳುತ್ತದೆ. ಜೊತೆಗೆ ಯೂರಿಯಾ, ಡಿಎಪಿ ಎರಡರಿಂದಲೂ ಅಮೋನಿಯಾ ಏಳುತ್ತದೆ. ಎಳೆ ಬೇರು ಅದನ್ನು ತಾಳುವುದಿಲ್ಲ.

ಹಾಗಂತ ಬಿತ್ತುವಾಗ ಹಾಕುವ ಅಡಿಗೊಬ್ಬರವನ್ನೇ ತಪ್ಪಿಸಬೇಡ. ಡಿಎಪಿಯಲ್ಲಿರುವ ರಂಜಕ, ಅಂದರೆ ಫಾಸ್ಫರಸ್, ನೀರಿನ ಜೊತೆ ಓಡಾಡುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಬೇರು ತಾನೇ ಅದನ್ನು ಹುಡುಕಿಕೊಂಡು ಹೋಗಬೇಕು. ಎಳೆ ಪೈರಿಗೆ ಇರುವ ಬೇರೆಷ್ಟು? ರಂಜಕ ಸಾಲದಿದ್ದರೆ ಎಲೆಯಂಚು ನೇರಳೆಗೆ ತಿರುಗುತ್ತದೆ. ಆಗ ಮೇಲೆ ಎರಚಿದರೆ ಪ್ರಯೋಜನ ಕಡಿಮೆ.

ಗೊಬ್ಬರ ಬೀಳಬೇಕಾದ್ದು ಬೀಜದಿಂದ ಪಕ್ಕಕ್ಕೆ 2 ಇಂಚು, ಕೆಳಕ್ಕೆ 2 ಇಂಚು. ನಮ್ಮ ಲೆಕ್ಕದಲ್ಲಿ ಮೂರು ಬೆರಳು. ಬಿತ್ತುವ ಟ್ರ್ಯಾಕ್ಟರ್ ಕೂರಿಗೆಯವನು ಎಲ್ಲಾ ಸರಿಯಿದೆ ಅನ್ನುತ್ತಾನೆ, ಸುಮ್ನೆ ನಂಬಬೇಡ. ಹತ್ತಡಿ ಓಡಿಸಿ ನಿಲ್ಲಿಸು. ಮಂಡಿಯೂರಿ ಕೆದಕು. ಕಾಳೆಲ್ಲಿ, ಹರಳೆಲ್ಲಿ, ನೀನೇ ನೋಡು. ಎರಡೂ ಒಂದೇ ಕಡೆ ಬೀಳುತ್ತಿದ್ದರೆ ಗೊಬ್ಬರದ ಕೊಳವೆ ಸರಿಸಲು ಹೇಳು. ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ ಒಂದು ಚೀಲ ಡಿಎಪಿ ಸಾಕು. 50 ಕೆಜಿಯಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ ಬರುತ್ತದೆ. ಡಿಎಪಿ ಸಿಗದಿದ್ದರೆ 10:26:26 ಕಾಂಪ್ಲೆಕ್ಸ್ ಗೊಬ್ಬರ ಹಾಕು, ಪೊಟ್ಯಾಷ್ ಕೂಡ ಸಿಕ್ಕಂತಾಯಿತು. ಅದಕ್ಕೂ ಮೂರು ಬೆರಳೇ. ಜಿಂಕ್ ಸಲ್ಫೇಟನ್ನು ಡಿಎಪಿಗೆ ಬೆರೆಸಬೇಡ, ಜಿಂಕ್, ಅಂದರೆ ಸತು, ರಂಜಕದ ಜೊತೆ ಕಟ್ಟಿಕೊಂಡು ಪೈರಿಗೆ ಸಿಗುವುದಿಲ್ಲ. ಬೇರೆಯಾಗಿ ಕೊಟ್ಟಿಗೆ ಗೊಬ್ಬರದಲ್ಲಿ ಕಲೆಸಿ ಹಾಕು. ಯೂರಿಯಾ ತಿಂಗಳು ಕಳೆದ ಮೇಲೆ, ಸಾಲಿನ ನಡುವೆ ಎಡೆ ಹೊಡೆಯುವಾಗ, ನೆಲದಲ್ಲಿ ಹಸಿ ಇದ್ದರೆ ಮಾತ್ರ.

ಆ ಮಸಾರಿ ತುಂಡು ಈಗ ನಿನ್ನ ಪಾಲಿಗೇ ಬಂದಿದೆ. ಮಳೆಯಾಗಿ ನೆಲಕ್ಕೆ ಒಳ್ಳೇ ಹದ ಬರುವ ತನಕ ಅಲ್ಲಿ ಕೂರಿಗೆ ಇಳಿಸಬೇಡ. ಬಿತ್ತುವ ಹಿಂದಿನ ದಿನ ಫೋನ್ ಮಾಡು. ನನಗೆ ಮಂಡಿ ನೋವು ಜಾಸ್ತಿ, ಕೆದಕುವ ಕೆಲಸ ನಿನ್ನದು. ನಾನು ಬದುವಿನ ಮೇಲೆ ಕೂತು ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ