ಎಂಟನೇ ಕ್ಲಾಸಿನ ಇಂಗ್ಲಿಷ್ ಪೇಪರ್ ಬಗ್ಗೆ ಪೋಷಕರಿಗೆ

ಪೋಷಕರಿಗೆಲ್ಲ ನಮಸ್ಕಾರ,

ಟೆಸ್ಟ್ ಪೇಪರ್ ಮನೆಗೆ ಕಳ್ಸಿದ್ದೇವೆ, ನೋಡಿರ್ತೀರಿ. ರಿಲೇಟಿವ್ ಪ್ರೊನೌನ್ (ಒಂದು ಹೆಸ್ರಿಗೆ ಅದರ ವಿವರ ಜೋಡಿಸೋ who, which ಥರದ ಪದ) ಪ್ರಶ್ನೇಲಿ ಹೆಚ್ಚಿನ ಮಕ್ಕಳಿಗೆ ಮಾರ್ಕ್ಸ್ ಹೋಗಿದೆ. ಬೈಬೇಡಿ, ಕೂಡ್ಲೇ ಟ್ಯೂಷನ್ನಿಗೂ ಹಾಕ್ಬೇಡಿ, ಮೊದ್ಲು ಇದನ್ನ ಓದಿ.

ಜನಕ್ಕೆ ಹೂ (who), ವಸ್ತುವಿಗೆ ವಿಚ್ (which), ಜಾಗಕ್ಕೆ ವೇರ್, ಹೊತ್ತಿಗೆ ವೆನ್, ಕಾರಣಕ್ಕೆ ವೈ ಅಂತ ಎಲ್ರಿಗೂ ಬಾಯಿಪಾಠ ಬರ್ತದೆ, ಗೈಡಲ್ಲೂ ಅಷ್ಟೇ ಇರೋದು. ಎಡವೋದು ವಾಕ್ಯ ಕಟ್ಟುವಾಗ. ಕನ್ನಡದಲ್ಲಿ ನಾವು 'ನಿನ್ನೆ ಮಾರ್ಕೆಟಲ್ಲಿ ತಂದ ಬಂಗಡೆ' ಅಂತೇವೆ, ವಿವರ ಎಲ್ಲ ಮುಂದೆ, ಬಂಗಡೆ ಕೊನೇಗೆ. ಇಂಗ್ಲಿಷಲ್ಲಿ ಮೀನು ಮೊದ್ಲು ಬರ್ಬೇಕು, ಆಮೇಲೆ ವಿಚ್, ಆಮೇಲೆ ವಿವರ. ಮಕ್ಕಳು ಇಷ್ಟು ಸರಿ ಮಾಡಿ ಕೊನೇಲಿ ಒಂದು ಇಟ್ ಸೇರಿಸ್ತಾರೆ, 'ದ ಫಿಶ್ ವಿಚ್ ವಿ ಬಾಟ್ ಇಟ್' ಅಂತ. ವಿಚ್ ಬಂದ್ಮೇಲೆ ಇಟ್ ಬೇಡ, ವೇರ್ ಬಂದ್ಮೇಲೆ ದೇರ್ ಬೇಡ. ಅರ್ಧ ಮಾರ್ಕ್ಸ್ ಇಲ್ಲೇ ಹೋಗಿದ್ದು.

ಇನ್ನು ಜಾಗದ ಹೆಸ್ರು ಕಂಡ ಕೂಡ್ಲೇ ವೇರ್ ಹಾಕೋದು. 'ಸದಾಶಿವಗಡ ಈಸ್ ದ ಫೋರ್ಟ್ ವೇರ್ ವಿ ವಿಸಿಟೆಡ್' ತಪ್ಪು, ಅಲ್ಲಿ ವಿಚ್ ಬೇಕು, ಯಾಕಂದ್ರೆ 'ವಿ ವಿಸಿಟೆಡ್ ದ ಫೋರ್ಟ್' ಅಂತೇವೆ, ನಡುವೆ ಇನ್, ಅಟ್ ಏನೂ ಇಲ್ಲ. 'ವೇರ್ ವಿ ಹ್ಯಾಡ್ ಲಂಚ್' ಸರಿ, ಯಾಕಂದ್ರೆ ಊಟ ಮಾಡಿದ್ದು 'ಅಟ್ ದ ಫೋರ್ಟ್'. ಬಿಡಿಸಿ ಬರೆದಾಗ ಇನ್, ಅಟ್ ಬಂದ್ರೆ ವೇರ್, ಬರದಿದ್ರೆ ವಿಚ್. ಇದೊಂದನ್ನ ಮನೇಲಿ ಬಾಯಲ್ಲೇ ಕೇಳಿ ಸಾಕು, ನಿಮಗೆ ಗ್ರಾಮರ್ ಬರ್ಬೇಕಂತಿಲ್ಲ.

ಕಾಮಾ (ಅಲ್ಪವಿರಾಮ) ಹಾಕೋ ವಿಷ್ಯ ಸ್ವಲ್ಪ ಸೂಕ್ಷ್ಮ. 'ದ ಬ್ರಿಡ್ಜ್ ದಟ್ ಫೆಲ್ ಇನ್ 2024' ಅನ್ನೋದ್ರಲ್ಲಿ ಕಾಮಾ ಇಲ್ಲ, ಕಾಳಿ ನದಿಗೆ ಹಳೇದು ಹೊಸದು ಎರಡು ಸೇತುವೆ ಇತ್ತಲ್ಲ, ಬಿದ್ದದ್ದು ಯಾವುದು ಅಂತ ಹೇಳ್ಲೇಬೇಕು. 'ಸತ್ಯೇಂದ್ರನಾಥ ಟಾಗೋರ್, ಹೂ ವಾಸ್ ಅ ಜಡ್ಜ್ ಇನ್ ಕಾರವಾರ' ಅಂದಾಗ ಕಾಮಾ ಬೇಕು, ಹೆಸ್ರು ಹೇಳಿದ್ಮೇಲೆ ಯಾರು ಅಂತ ಗೊತ್ತೇ ಆಯ್ತು, ಉಳಿದದ್ದು ಬರೀ ಹೆಚ್ಚಿನ ಮಾಹಿತಿ. ಇಂಥ ಕಡೆ ಹೂ ಬದ್ಲು ದಟ್ ಹಾಕೋ ಹಾಗಿಲ್ಲ. (ಇವರು ರವೀಂದ್ರನಾಥರ ಅಣ್ಣ, ರವೀಂದ್ರರು ಇಲ್ಲಿ ಬಂದು ಉಳಿದಿದ್ದು ಇವರ ಮನೇಲೇ, ಮಕ್ಕಳಿಗೆ ಹೇಳಿ.) ಹೂಮ್ (whom) ಬಗ್ಗೆ ಸದ್ಯ ತಲೆ ಕೆಡಿಸ್ಕೊಳ್ಬೇಡಿ, ಅದನ್ನ ಕ್ಲಾಸಲ್ಲೇ ಮಾಡಿಸ್ತೇವೆ.

ತಪ್ಪಾದ ವಾಕ್ಯ ಮಾತ್ರ ತಿದ್ದಿ ಬರೆಸಿ, ಇಡೀ ಪೇಪರ್ ಬೇಡ. ಸಹಿ ಮಾಡಿ ಸೋಮವಾರ ಕಳ್ಸಿ, ಮುಂದಿನ ವಾರ ಈ ಪ್ರಶ್ನೆಗಷ್ಟೇ ಮತ್ತೆ ಟೆಸ್ಟ್ ಇಡ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ, ಕಾರವಾರ