ಹೆಸರು ಗೊತ್ತಿಲ್ಲದ ಥೆರಪಿಸ್ಟ್ ಮೇಡಂಗೆ ಥ್ಯಾಂಕ್ಸ್

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನನ್ನ ಗಂಟಲು ನೋಡಿದ ಮೇಡಂ, ಇದು ನಿಮಗೆ. ಸಂಗೀತ ಕಛೇರಿಯ ದಿನ ಹತ್ತಿರ ಬಂದಿತ್ತು, ತಾರ ಷಡ್ಜ, ಅಂದರೆ ಮೇಲಿನ ‘ಸ’, ಮುಟ್ಟಿದರೆ ಸ್ವರ ಒಡೆಯುತ್ತಿತ್ತು, ಸಂಜೆ ಪಾಠಕ್ಕೆ ಮಕ್ಕಳು ಬೇರೆ ಬರುತ್ತಿದ್ದರು. ಹಾಡುವುದು, ಕಲಿಸುವುದು ಎರಡೂ ಇದೇ ಗಂಟಲಲ್ಲಿ ಅಲ್ವಾ, ತುಂಬಾ ಹೆದರಿದ್ದೆ. ನೀವು ಕುರ್ಚಿ ಹತ್ತಿರ ಎಳೆದುಕೊಂಡು, ಮಾತಾಡಬೇಡಿ ಎಂದು ಪೆನ್ನು ಕಾಗದ ಕೊಟ್ಟಿರಿ. ಐದು ಮನೆ ಶ್ರುತಿಯ (ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ‘ಸ’) ತಾರ ಷಡ್ಜಕ್ಕೆ ಸ್ವರತಂತುಗಳು ಸೆಕೆಂಡಿಗೆ ಸುಮಾರು 390 ಸಲ ಕಂಪಿಸುತ್ತವೆ ಎಂದು ತಿಳಿಸಿದಿರಿ. ಆಮೇಲೆ ನೀರಿನ ಲೋಟಕ್ಕೆ ಸ್ಟ್ರಾ ಹಾಕಿ, ಗುಳ್ಳೆ ಬರುವಂತೆ ಮೆಲ್ಲಗೆ ‘ಊ’ ಹಾಡಿಸಿದಿರಿ. ನನಗೆ ಮುಜುಗರ ಆಗದಿರಲಿ ಎಂದು ನೀವೂ ಜೊತೆಗೆ ಊದಿದಿರಿ! ಹೀಗೆ ಮಾಡಿದರೆ ಸ್ವರತಂತುಗಳು ಜೋರಾಗಿ ಬಡಿದುಕೊಳ್ಳದೆ ನಯವಾಗಿ ಸೇರುತ್ತವಂತೆ. ಸ್ವರ ನಡುಗದೆ ನಿಂತಾಗ ಅತ್ತುಬಿಟ್ಟೆ. ಕಛೇರಿ ಆಯಿತು ಮೇಡಂ. ಈಗ ಶಿಷ್ಯರಿಗೂ ಸರಳೆ ವರಸೆಗೆ, ಅಂದರೆ ಆರಂಭದ ಸ್ವರಾಭ್ಯಾಸಕ್ಕೆ, ಮೊದಲು ಇದನ್ನೇ ಮಾಡಿಸುತ್ತೇನೆ.